ನೇತ್ರಾಣಿಯ ತಿಳಿನೀರು

ಕಡಲಿನ ವಿಜ್ಞಾನವನ್ನು ಕ್ರಮವಾಗಿ ಓದಿದವರು ಹೇಳಬೇಕಾದ ಕತೆ ಇದು. ಸಂಜೆ ತರಗತಿಯಲ್ಲಿ ಕಲಿತಷ್ಟನ್ನೇ ನಂಬಿ ಹೇಳಲು ಹೊರಟಿದ್ದೇನೆ. ತಪ್ಪಿದ್ದರೆ ತಿಳಿದವರು ಮನ್ನಿಸಬೇಕು.

ಇಂದಿನಿಂದ ಮೂವತ್ತೈದು ವರ್ಷಗಳ ನಂತರದ ಒಂದು ಡಿಸೆಂಬರ್ ಬೆಳಿಗ್ಗೆ. ಮುರುಡೇಶ್ವರದಿಂದ ಹೊರಟ ದೋಣಿ ನೇತ್ರಾಣಿ ದ್ವೀಪದ ಬಳಿ ನಿಂತಿತ್ತು. ಕಣ್ಣು ಹಾಯುವಷ್ಟು ದೂರವೂ ನೀರು ಮಣ್ಣುಗೆಂಪು. ಕಡಲ ವಿಜ್ಞಾನಿ ಡಾಕ್ಟರ್ ಮುನೀರ್ ಕೋಲಾ ಗುಂಡಿ ಒತ್ತಿದಾಗ, ನೀರಿನ ಮೇಲೆ ತೇಲುತ್ತಿದ್ದ ದೊಡ್ಡ ಉಂಗುರ ಸಣ್ಣಗೆ ನಡುಗಿತು. ಸ್ವಲ್ಪ ಹೊತ್ತಿನಲ್ಲಿ ಅದರೊಳಗಿನ ನೀರು ಮಾತ್ರ ತಿಳಿಯಾಗುತ್ತ, ಬಾವಿಯಂತೆ ತಳದವರೆಗೆ ತೆರೆದುಕೊಂಡಿತು.

ಆ ಕೆಂಪು ಪ್ಲವಕಗಳದು. ಬರಿಗಣ್ಣಿಗೆ ಕಾಣದ, ನೀರಿನಲ್ಲಿ ತೇಲುವ ಜೀವಿಗಳು ಅವು. ಕಡಲು ಬೆಚ್ಚಗಾಗಿ, ಹೊಲಗಳ ಗೊಬ್ಬರವೂ ಹೊಳೆಯಲ್ಲಿ ಹರಿದು ಬಂದು ಸೇರಿದರೆ ಮಿತಿಯಿಲ್ಲದೆ ಹೆಚ್ಚುತ್ತವೆ. ಹಿಂದೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತಿದ್ದ ಕೆಂಪು, ಆ ಕಾಲಕ್ಕೆ ವರ್ಷದ ಬಹುಪಾಲು ಉಳಿದುಬಿಟ್ಟಿತ್ತು. ಮುಳುಗಿದವರಿಗೆ ತಾವು ಚಾಚಿದ ಕೈಯೇ ಕಾಣುತ್ತಿರಲಿಲ್ಲ. ಉಂಗುರದಿಂದ ಹೊರಡುವ, ನಮ್ಮ ಕಿವಿಗೆ ಕೇಳದ ಸದ್ದಿಗೆ ಪ್ಲವಕಗಳು ಈಜು ನಿಲ್ಲಿಸಿ ತಳಕ್ಕಿಳಿಯುತ್ತಿದ್ದವು.

ದೋಣಿಯಲ್ಲಿದ್ದ ಸುಕನ್ಯಾ ಮೊಗೇರ ಇಪ್ಪತ್ತರ ಹರೆಯದಲ್ಲಿ ಇಲ್ಲಿ ಪ್ರವಾಸಿಗರನ್ನು ಸ್ಕೂಬಾಕ್ಕೆ ಇಳಿಸುತ್ತಿದ್ದವಳು. ಆಗ ದೋಣಿಯಲ್ಲಿ ಕೂತೇ ತಳದ ಬಂಡೆ ಎಣಿಸಬಹುದಿತ್ತು. ಗಿಳಿಮೀನು ಹವಳ ಕಡಿಯುವ ಸದ್ದು, ಮರಳಿನ ಮೇಲೆ ತನ್ನ ಜೊತೆ ಈಜುವ ತನ್ನದೇ ನೆರಳು, ಇವನ್ನು ಅವಳು ಮರೆತಿರಲಿಲ್ಲ. ಕಿವಿ ಕೆಟ್ಟಿದ್ದರಿಂದ ಇನ್ನೊಂದೇ ಸಲ ಆಳಕ್ಕೆ ಮುಳುಗಬಹುದೆಂದು ವೈದ್ಯರು ಹೇಳಿದ್ದರು. ಆ ಒಂದು ಸಲ ಮಗಳು ಧನ್ವಿಗೆ ಆ ಕಡಲನ್ನು ತೋರಿಸಬೇಕಿತ್ತು. ಧನ್ವಿ ಕೆಂಪು ನೀರಿನಲ್ಲೇ ಮುಳುಗಲು ಕಲಿತವಳು. ಮೀನು ಸಾಕುವ ಪಂಜರಗಳ ಬಲೆ ರಿಪೇರಿ ಅವಳ ಕೆಲಸ.

“ನಿನ್ನ ಕಡಲಿನ ಕತೆ ಕೇಳಿ ಕೇಳಿ ನನ್ನ ಕಿವಿಯೂ ಹಾಳಾಯ್ತ್ ಅಮ್ಮಾ,” ಎಂದು ಧನ್ವಿ ಚುಡಾಯಿಸಿದಳು.

“ಇವತ್ ಒಂದ್ ಸಲ ಕಾಣು. ಮತ್ತೆ ನಾನ್ ಬಾಯೇ ಬಿಡುದಿಲ್ಲ.”

ಇಬ್ಬರೂ ಉಂಗುರದೊಳಗೆ ಇಳಿದು, ಮೊದಲು ತಲೆ ಮುಳುಗುವಷ್ಟೇ ಕೆಳಗೆ ಹೋದರು. ಬಹಳ ಕೆಳಗೆ, ಬಂಡೆಗಳ ಮೇಲೆ ಬಿಸಿಲು ಅಲೆಯಾಡುತ್ತಿತ್ತು. ಹವಳ ಮೊದಲಿನಷ್ಟಿರಲಿಲ್ಲ, ಆದರೂ ಅದೇ ಜಾಗ. ಸುಕನ್ಯಾ ಸಂತೋಷದಿಂದ ಪಕ್ಕಕ್ಕೆ ತಿರುಗಿದಳು. ಧನ್ವಿ ಲಂಗರಿನ ಹಗ್ಗವನ್ನು ಅಪ್ಪಿಕೊಂಡು ಕಣ್ಣು ಮುಚ್ಚಿದ್ದಳು. ತಾಯಿ ಅವಳನ್ನು ಮೇಲಕ್ಕೆ ತಂದಳು.

“ಎಂತಾಯ್ತ್ ಮಗಾ?”

“ಕಾಲ್ ಕೆಳಗೆ ಎಂತದೂ ಇಲ್ಲ ಅಮ್ಮಾ, ತಳ ಅಷ್ಟ್ ದೂರ. ಬೀಳ್ತೆ ಅಂದೇಳಿ ಆಯ್ತ್.”

“ನೀರಲ್ಲಿ ಯಾರಾದ್ರೂ ಬೀಳ್ತ್ರಾ?”

“ಗೊತ್ತಿತ್. ಆದ್ರೂ ಹಗ್ಗ ಬಿಡುಕೆ ಆತಿಲ್ಲ.”

ಮುನೀರ್ ದೋಣಿಯಿಂದ ಬಗ್ಗಿದ. “ಸುಕನ್ಯಕ್ಕ, ಇನ್ನೂ ಅರ್ಧ ಗಂಟೆ ತಿಳಿ ಇರ್ತದೆ. ಅವಳು ದೋಣಿಯಲ್ಲಿರಲಿ, ನಿಮ್ಮ ಜೊತೆ ನಾನು ಬರ್ತೇನೆ.”

ಸುಕನ್ಯಾ ಮುಖವನ್ನು ನೀರಿಗಿಟ್ಟು ಬಹಳ ಹೊತ್ತು ಕೆಳಗೆ ನೋಡಿದಳು. ಆಮೇಲೆ, “ಉಂಗುರ ನಿಲ್ಸಿ ಡಾಕ್ಟ್ರೇ,” ಅಂದಳು.

“ಎಷ್ಟು ವರ್ಷದ ಕೆಲಸ ಗೊತ್ತುಂಟಾ ಅಕ್ಕ ಇದು?”

“ಕೆಲ್ಸ ಲಾಯ್ಕಿತ್. ಆದ್ರೆ ಈ ಹುಡ್ಗಿಗೆ ಇದ್ ಪರ ಊರು.”

ಉಂಗುರದ ನಡುಕ ನಿಂತಿತು. ನಾಲ್ಕೂ ಕಡೆಯಿಂದ ಕೆಂಪು ಒಳನುಗ್ಗಿತು. ಧನ್ವಿಯ ಉಸಿರು ನಿಧಾನವಾಯಿತು. ಈಗ ಅವಳೇ ತಾಯಿಯ ಕೈ ಹಿಡಿದು, ಹಗ್ಗದ ಗುಂಟ ಸರಾಗವಾಗಿ ಇಳಿದಳು. ತಳದಲ್ಲಿ ಬಂಡೆಯೊಂದಕ್ಕೆ ಟಾರ್ಚನ್ನು ತಾಗಿಸುವಷ್ಟು ಹತ್ತಿರ ಹಿಡಿದಳು. ಉಗುರಿನಷ್ಟೂ ಇಲ್ಲದ, ಗಾಜಿನಂಥ ಸಿಗಡಿಯೊಂದು ಮೀಸೆ ತೀಡುತ್ತಿತ್ತು. ದೂರಕ್ಕೆ ನೋಡಿಯೇ ಅಭ್ಯಾಸವಿದ್ದ ಸುಕನ್ಯಾ ಇಷ್ಟು ಹತ್ತಿರದಿಂದ ಏನನ್ನೂ ನೋಡಿರಲಿಲ್ಲ. ಅವಳಿಗೆ ನಗು ಬಂತು. ಆದರೂ ಒಮ್ಮೆ ಕತ್ತೆತ್ತಿದಳು. ಸೂರ್ಯ ಇರಬೇಕಾದ ಕಡೆ ಕೆಂಪು ಮಾತ್ರ ಇತ್ತು.

ನೇತ್ರಾಣಿಯಲ್ಲಿ ತಳ ಕಾಣುವ ದಿನಗಳು ಈಗ, ನಾವಿರುವಾಗ, ಇನ್ನೂ ಇವೆ. ಮಕ್ಕಳು ಯಾವ ಕಡಲನ್ನು ಕಂಡು ಬೆಳೆಯುತ್ತಾರೋ ಅವರ ಪಾಲಿಗೆ ಅದೇ ಕಡಲು. ಅದನ್ನು ಹೇಗೆ ಉಳಿಸಿ ಕೊಡುತ್ತೇವೆ ಎಂಬುದು ಸದ್ಯಕ್ಕೆ ನಮ್ಮ ಕೈಯಲ್ಲಿದೆ.

ತಳಕ್ಕಿಳಿದ ಪ್ಲವಕಗಳು ಅಳಿದುಳಿದ ಹವಳಕ್ಕೆ ಏನು ಮಾಡಿದವು ಎಂಬುದು ಮುನೀರನಿಗೂ ತಿಳಿಯಲಿಲ್ಲ. ಧನ್ವಿ ಮುಂದೆಂದಾದರೂ ತಿಳಿನೀರಿನಲ್ಲಿ ಕಣ್ಣು ತೆರೆದಳೇ ಎಂಬುದು ನನಗೂ ಗೊತ್ತಿಲ್ಲ.