ಎರಡು ಪುಟ್ಟ ಗಿಟಾರು, ಆರು ಗುರುವಾರ

ಮುರುಗೇಶ ಅಂಗಡಿ ಇಡಲೇಬಾರದಿತ್ತು ಅಂತ ಚಳ್ಳಕೆರೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಬಸ್ ಸ್ಟ್ಯಾಂಡ್ ಹಿಂದಿನ ಬೀದಿಯಲ್ಲಿ ಅವನದೊಂದು ಕ್ಯಾಸೆಟ್ಟು, ಸಿಡಿ, ವಾದ್ಯಗಳ ಅಂಗಡಿ. ಗಿರಾಕಿ ಏನನ್ನಾದರೂ ಕೈಗೆತ್ತಿಕೊಂಡರೆ ಸಾಕು, ಪುಣ್ಯಾತ್ಮ ಮೊದಲು ಅದರ ಕೊರತೆ ಹೇಳೋನು. "ಈ ಕೊಳಲು ಬ್ಯಾಡ್ರಿ ಯಜಮಾನ್ರೇ, ಮೇಲಿನ ಸ್ವರ ಕೀರಲು." ಎಣ್ಣೆ ಮಿಲ್ಲಿನ ಮರುಳಪ್ಪನವರ ಮಗ ಅಂದರೆ ಯಾರೂ ನಂಬುತ್ತಿರಲಿಲ್ಲ. "ಲೇ, ನಾನು ಹಿಂಗೆ ಎಣ್ಣೆ ಮಾರಿದ್ದಿದ್ರೆ ಮಿಲ್ಲು ಯಾವತ್ತೋ ಮುಚ್ಚಿರ್ತಿತ್ತು ಕಣೋ," ಅಂತ ಅಪ್ಪ ಹಣೆ ಚಚ್ಚಿಕೊಳ್ಳುತ್ತಿದ್ದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ.

ಆ ಎಡವಟ್ಟನ ಅಂಗಡಿಗೆ 2003ರ ಒಂದು ಗುರುವಾರ ಮೊಳಕಾಲ್ಮೂರಿನ ರಂಜಿತಾ ಕಾಲಿಟ್ಟಳು. ತೆಲುಗು ಮನೆಮಾತಿನ, ಮಗ್ಗದ ಮನೆಯ ಹುಡುಗಿ. ತಾನು ನೇಯ್ದ, ಅವಳು ನಾನ್ನ ಅಂತ ಕರೆಯುವ ಅಪ್ಪ ನೇಯ್ದ ರೇಷ್ಮೆ ಸೀರೆಗಳನ್ನು ಗಂಟು ಕಟ್ಟಿಕೊಂಡು ಗುರುವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಇಲ್ಲಿಯ ಸೀರೆ ಅಂಗಡಿಗೆ ಕೊಟ್ಟು ಹೋಗುತ್ತಿದ್ದಳು. ಚಿತ್ರದುರ್ಗದಲ್ಲಿ ಪಿಯುಸಿ ಓದುವಾಗ ಹಾಸ್ಟೆಲ್ ಗೆಳತಿಯ ಗಿಟಾರಿನಲ್ಲಿ ಕಾರ್ಡ್ ಅನ್ನೋ ಸ್ವರಗುಚ್ಛ ನಾಲ್ಕು ಕಲಿತಿದ್ದಳು. ಅವತ್ತಿನಿಂದ ಆಸೆ. ಆದರೆ ಎರಡು ಮಗ್ಗ ಕೂತಿರುವ ಮನೆಯಲ್ಲಿ ದೊಡ್ಡ ಗಿಟಾರಿಗೆ ಜಾಗ ಎಲ್ಲಿಂದ ತರೋದು?

"ಸಣ್ಣದು ಐತೇನ್ರಿ? ಬಸ್ಸಿನಾಗೆ ಸೀರೆ ಗಂಟಿನ ಜೊತೆ ತೊಡೆ ಮ್ಯಾಲೆ ಕೂರಬೇಕು."

ಮುರುಗೇಶನ ಮುಖ ಅರಳಿತು. ಬೆಂಗಳೂರಿನ ಏಜೆಂಟ್ ನೋಡಲಿಕ್ಕೆಂದು ಬಿಟ್ಟುಹೋಗಿದ್ದ ಎರಡು ಪುಟ್ಟ ವಾದ್ಯಗಳನ್ನು ಮೇಜಿನ ಮೇಲಿಟ್ಟ. "ಇದು ಗಿಟಾರೂ ಹೌದು, ಉಕುಲೆಲೆ ಅಂತ ನಾಲ್ಕು ತಂತೀದು ಪುಟ್ಟ ವಾದ್ಯ ಐತಲ್ಲ, ಅದೂ ಹೌದು. ಗಿಟಾಲೆಲೆ ಅಂತಾರೆ, ಪ್ರಯಾಣಕ್ಕೆ ಒಯ್ಯೋ ಟ್ರಾವೆಲ್ ಗಿಟಾರು. ಒಂದು ಗಿಡ್ಡ, ಒಂದು ಅದಕ್ಕಿಂತ ಗೇಣುದ್ದ ಜಾಸ್ತಿ. ಆದ್ರೆ ತಗೋಬ್ಯಾಡ್ರಿ. ಗಿಡ್ಡಂದು ಡಬಡಬ ಅಂತೈತೆ."

ರಂಜಿತಾ ಗಿಡ್ಡದರ ತಂತಿ ಮೇಲೆ ಹೆಬ್ಬೆರಳು ಎಳೆದಳು. "ಹಾಸು ಸಡ್ಲ ಬಿದ್ದೈತೆ."

"ಹಾಸಾ?"

"ಮಗ್ಗದಾಗೆ ಉದ್ದಕ್ಕೆ ಎಳೆದಿರ್ತೀವಲ್ಲ, ಆ ಎಳೆ. ಹಿಂಗೆ ಸಡ್ಲ ಇದ್ರೆ ಸೀರೆ ಏಳಲ್ಲ. ತಂತಿ ಬಿಗೀರಿ."

"ಗಿಟಾರಿನ ಶ್ರುತಿಗೇ ಇಟ್ಟೀನಿ. ಇನ್ನೂ ಬಿಗಿದ್ರೆ ಕಿತ್ಕೊಂತೈತೆ."

"ಇಷ್ಟು ಗಿಡ್ಡ ಕುತ್ತಿಗೆಗೆ ಅಷ್ಟುದ್ದ ಗಿಟಾರಿನ ಶ್ರುತಿ ಹೆಂಗ್ರೀ ಒಪ್ತೈತೆ? ನಾನೇ ಬಿಗೀತೀನಿ. ಕಿತ್ರೆ ನನ್ನ ತಲೆ ಮ್ಯಾಲೆ."

ಒಂದೊಂದೇ ಬಿರಡೆ ತಿರುವಿ, ಉಗುರಿನಿಂದ ಮೀಟಿ, ಮತ್ತೆ ತಿರುವಿದಳು. ಆಮೇಲೆ ಒಂದು ಸಲ ಎಲ್ಲ ತಂತಿಗೂ ಬೆರಳಾಡಿಸಿದಳು ನೋಡಿ, ಆಹಾ! ಮುರುಗೇಶ ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಜೋರಾಗಿ ನಕ್ಕುಬಿಟ್ಟ.

"ಒಂದು ವಾರದಿಂದ ಪಾಪ ಇದನ್ನೇ ಬೈಕೊಂಡು ಕೂತಿದ್ದೆ. ತಪ್ಪು ನಂದೇ!"

ತಪ್ಪು ನಂದೇ ಅಂತ ನಕ್ಕೊಂಡು ಹೇಳುವ ಗಂಡಸನ್ನು ರಂಜಿತಾ ಹುಟ್ಟಿದಾಗಿನಿಂದ ನೋಡಿರಲಿಲ್ಲ. ವಾಪಸ್ ಬಸ್ಸಿನಲ್ಲಿ ಆ ನಗೆ ನೆನೆಸಿಕೊಂಡು ತಾನೂ ನಕ್ಕಳು. ಪಕ್ಕದ ಸೀಟಿನವರು ನೋಡಿದಾಗ ಸೆರಗು ಸರಿಮಾಡಿಕೊಂಡಳು.

ಎರಡನೇ ಗುರುವಾರ ಅವನು ಗಿಡ್ಡದರ ಕೊರತೆ ಹೇಳಿದ. ಕುತ್ತಿಗೆ ಮೇಲೆ ಬೆರಳೊತ್ತುವ ಮನೆಗಳು ಹತ್ತಿರ ಹತ್ತಿರ, ಬೆರಳಿಗೆ ಇಕ್ಕಟ್ಟು. ಮೂರನೇ ಗುರುವಾರ ಉದ್ದದ್ದರ ಕೊರತೆ. ದನಿ ಗಂಭೀರ, ಸರಿ, ಆದರೆ ಕುತ್ತಿಗೆ ಚೀಲದಿಂದ ಆಚೆ ಚಾಚುತ್ತದೆ. ನಾಲ್ಕನೇ ಗುರುವಾರ, "ಹೊಸ ತಂತಿ ಹಾಕೀನಿ, ಹಿಗ್ಗಿ ಹದಕ್ಕೆ ಬರಬೇಕು, ಮುಂದಿನ ವಾರ ನೋಡೋಣ್ರಿ" ಅಂದ. ಅವಳೂ ಹ್ಞೂಂ ಅಂದಳು. ಅವಳ ಬೆರಳು ತಂತಿ ಮೇಲಿದ್ದರೆ ಅವನ ಕಣ್ಣು ಬೆರಳ ಮೇಲೆ. ಅವಳು ತಲೆ ಎತ್ತಿದರೆ ಮಾತ್ರ ಅವನ ಕಣ್ಣು ಸರಕ್ಕನೆ ಫ್ಯಾನಿನ ಮೇಲೆ. ಫ್ಯಾನು ಕೆಟ್ಟು ಎಷ್ಟು ದಿನವಾಗಿತ್ತೋ ಏನೋ.

ಐದನೇ ಗುರುವಾರ ಬಸ್ಸಿನಲ್ಲೇ ಪರೀಕ್ಷೆ ಆಯಿತು. "ಟ್ರಾವೆಲ್ ಗಿಟಾರ್ ಅಂದ್ಮೇಲೆ ಟ್ರಾವೆಲ್ ಮಾಡಿಸಿ ನೋಡಬೇಕಲ್ವಾ? ನಿಮ್ಮ ದಾರಿಯಾಗೆ ತಳಕು ಸಿಗ್ತೈತಲ್ಲ, ಅಲ್ಲೀ ತನಕ ಬರ್ತೀನಿ," ಅಂತ ಅಂಗಡಿ ಬಾಗಿಲು ಹಾಕಿಯೇಬಿಟ್ಟ. ಮೂರು ಜನರ ಸೀಟಿನಲ್ಲಿ ಕಿಟಕಿಗೆ ಅವಳು, ತೊಡೆ ಮೇಲೆ ಗಿಡ್ಡದು. ನಡುವೆ ಅವನು, ಉದ್ದದ್ದು ಹಿಡಿದುಕೊಂಡು. ಈ ಕಡೆ ನನ್ನಿವಾಳದ ನಿಂಗಕ್ಕ ಅನ್ನೋ ಅಜ್ಜಿ. ಬಸ್ಸು ಕುಲುಕಿದಾಗಲೆಲ್ಲ ಅವನ ಮೊಣಕೈ ಅವಳಿಗೆ ತಾಗುತ್ತಿತ್ತು, ಅವನು ಸಾರಿ ಅನ್ನುತ್ತಿದ್ದ.

"ಹೊಸ ಮದುವೇನೇನಪ್ಪಾ? ಹೆಂಡ್ತಿಗೆ ಯಾಕೆ ಅಷ್ಟು ಸಾರಿ?" ಅಂದಳು ಅಜ್ಜಿ.

ಮುರುಗೇಶನ ಕಿವಿ ಕೆಂಪಾಯಿತು. ಅಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ರಂಜಿತಾ ಕಿಟಕಿಯಾಚೆ ಶೇಂಗಾ ಹೊಲ ನೋಡುತ್ತಾ ತುಟಿ ಕಚ್ಚಿಕೊಂಡಳು. 'ಮಾತಾಡಯ್ಯಾ ಮಾರಾಯ' ಅಂತ ಮನಸ್ಸಿನಲ್ಲೇ ಗೋಗರೆದಳು. ತಳಕು ಬಂತು, ಅವನು ಎರಡೂ ವಾದ್ಯ ಹಿಡಿದುಕೊಂಡು ಇಳಿದು ಹೋದ.

ಅವಳ ಅವಸರಕ್ಕೆ ಕಾರಣವಿತ್ತು. ಆಂಧ್ರದ ಧರ್ಮಾವರದಿಂದ ಸಂಬಂಧ ಬಂದಿತ್ತು. ಹುಡುಗ ಅವರ ಜಾತಿಯವನೇ, ಸ್ವಂತ ಮಗ್ಗಗಳಿದ್ದವು, ಮನೆಯವರೆಲ್ಲ ಒಪ್ಪಿದ್ದರು. ಶುಕ್ರವಾರ ಮಾತು ಕೊಡಬೇಕು. ಆರನೇ ಗುರುವಾರ ಬೆಳಿಗ್ಗೆ ಅಮ್ಮ ಈಶ್ವರಮ್ಮ ಜಡೆ ಹೆಣೆಯುತ್ತಾ ಕೇಳಿದಳು, "ಏಮೇ, ಒಂದು ಗಿಟಾರು ಆರಿಸಾಕೆ ಆರು ವಾರ ಬೇಕೇನೇ?" ರಂಜಿತಾ ಸೀರೆ ಗಂಟು ಬಿಗಿದಳು. ಇವತ್ತು ಅವನು ಬಾಯಿ ಬಿಡದಿದ್ದರೆ ಮುಗಿದೇಹೋಯಿತು ಅಂತ ಅವಳಿಗೆ ಗೊತ್ತಿತ್ತು.

ಅಂಗಡಿಗೆ ಹೋದವಳೇ ಸಂಬಂಧದ ವಿಷಯ ಎಲ್ಲ ಹೇಳಿಬಿಟ್ಟಳು. "ನಾಳೆ ಧರ್ಮಾವರದೋರಿಗೆ ಹ್ಞೂಂ ಅಂತಲೋ ಊಹೂಂ ಅಂತಲೋ ಹೇಳಬೇಕು. ನೀವೇನಂತೀರಿ?"

ಮುರುಗೇಶ ಮೇಜಿನ ಮೇಲಿನ ಬಟ್ಟೆ ಎತ್ತಿಕೊಂಡು ಧೂಳಿಲ್ಲದ ಗಿಟಾರನ್ನು ಒರೆಸಿದ. ಒರೆಸಿ ಒರೆಸಿ ಕೊನೆಗೆ, "ಹೋಲಿಸಿ ಹೇಳ್ಲಾ?" ಅಂದ.

"ಹೇಳ್ರಿ."

"ಮೊದಲನೇದು ಧರ್ಮಾವರದ್ದು. ಕೊರತೆ ಏನೂ ಕಾಣಲ್ಲ. ನಿಮ್ಮ ಜನ, ನಿಮ್ಮ ಕಸುಬು, ನಿಮ್ಮ ಮಾತು."

ರಂಜಿತಾ ಚೀಲ ಎತ್ತಿಕೊಂಡಳು.

"ನಿಲ್ರಿ, ಎರಡನೇದೊಂದೈತೆ. ಚಳ್ಳಕೆರೇದು. ಕೊರತೆ ಬಾಳ ಅವೆ. ಜಾತಿ ಬ್ಯಾರೆ. ತೆಲುಗು ಬರಲ್ಲ. ವ್ಯಾಪಾರ ಮೊದ್ಲೇ ಬರಲ್ಲ. ಮುಂದಲೆ ಕೂದಲು ತೆಳ್ಳಗಾಗ್ತೈತೆ. ಅಪ್ಪ ಒಂದಿನ ಕೂಗಾಡ್ತಾರೆ, ಅವ್ವ ಮೂರು ದಿನ ಊಟ ಬಿಡ್ತಾಳೆ. ಆಮೇಲೆ ಸರಿ ಹೋಗ್ತಾರೆ ಅನ್ಸುತ್ತೆ, ಗ್ಯಾರಂಟಿ ಕೊಡಾಕಾಗಲ್ಲ."

ಚೀಲ ಮೆಲ್ಲಗೆ ಕೆಳಗಿಳಿಯಿತು. "ಒಳ್ಳೇದು ಒಂದೂ ಇಲ್ವೇನ್ರಿ ಅದರಾಗೆ?"

"ಒಂದೈತೆ." ಈ ಸಲ ಅವನು ಫ್ಯಾನಿನ ಕಡೆ ನೋಡಲಿಲ್ಲ. "ನೀವು ಬರೋದು ಹನ್ನೊಂದಕ್ಕೆ. ಗುರುವಾರ ಬಂದ್ರೆ ಅದು ಏಳು ಗಂಟೆಗೇ ಅಂಗಡಿ ಬಾಗಿಲು ತೆಗೆದು ಕೂರ್ತೈತೆ. ನೀವಂದ್ರೆ ಅದಕ್ಕೆ ಪ್ರಾಣ."

ರಂಜಿತಾಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. "ಇಷ್ಟು ಹೇಳಾಕೆ ಆರು ವಾರ ಬೇಕಾಯ್ತಾ?"

"ಒಂದನ್ನ ತಗೊಂಡ್ರೆ ನೀವು ಮತ್ತೆ ಬರಲ್ಲ ಅಂತ ಭಯ."

"ಗಿಡ್ಡಂದೇ ಅಂತ ನಾನು ಎರಡನೇ ವಾರಾನೇ ಆರಿಸಿದ್ದೆ. ತಗೊಂಡ್ರೆ ಬರಾಕೆ ನೆಪ ಇರಲ್ಲ ಅಂತ ನಾನೂ ಸುಮ್ಮನಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕ್ಯಾಸೆಟ್ ಕೇಳಲು ಬಂದವರೊಬ್ಬರು ಬಾಗಿಲಲ್ಲೇ ನಿಂತು ನೋಡಿ ವಾಪಸ್ ಹೋದರು.

"ನಾಳೆ ಊಹೂಂ ಅಂತ ನಾನು ಹೇಳ್ತೀನಿ," ಅಂದಳು ಕಣ್ಣೊರೆಸಿಕೊಂಡು. "ಭಾನುವಾರ ನೀವು ನಮ್ಮನೆಗೆ ಬಂದು ನಮ್ಮ ನಾನ್ನ ಹತ್ರ ಮಾತಾಡ್ರಿ."

ಮುರುಗೇಶ ಗಂಟಲು ಸರಿಮಾಡಿಕೊಂಡು ಅಲ್ಲೇ ಅಭ್ಯಾಸ ಶುರುಮಾಡಿದ. "ನಮಸ್ಕಾರ ರೀ. ನಾನು ಮುರುಗೇಶ. ನಂಗೆ ತೆಲುಗು ಬರಲ್ಲ, ವ್ಯಾಪಾರ ಮೊದ್ಲೇ..."

ರಂಜಿತಾ ಅವನ ಬಾಯಿ ಮೇಲೆ ಕೈಯಿಟ್ಟಳು. ಬೀದಿಯಲ್ಲಿ ಯಾರು ನೋಡಿದರೂ ನೋಡಿಕೊಳ್ಳಲಿ ಅಂತಲೇ ಇಟ್ಟಳು.

"ಅದನ್ನೆಲ್ಲ ನಾನು ಹೇಳ್ಕೊಂತೀನಿ. ಕೊನೇಗೆ ಪ್ರಾಣ ಅಂದ್ರಲ್ಲ, ನೀವು ಅದೊಂದೇ ಹೇಳ್ರಿ."