ಫ್ಯಾನು ನಿಂತ ಕ್ಷಣ

ಮುಳ್ಳು ಮೇಲೇರಲಿಲ್ಲ.

ನನ್ನ ಹೆಂಡತಿ ಫ್ಯಾನಿನ ವೇಗವನ್ನು ಇನ್ನಷ್ಟು ಹೆಚ್ಚಿಸಿದಳು. ಮುಂಬಾಗಿಲಿನ ಚೌಕಟ್ಟಿಗೆ ದಪ್ಪ ಬಟ್ಟೆ ಬಿಗಿದು, ಅದರ ನಡುವೆ ಕೂರಿಸಿದ್ದ ಆ ದೊಡ್ಡ ಫ್ಯಾನು ಮನೆಯೊಳಗಿನ ಗಾಳಿಯನ್ನು ಹೊರಕ್ಕೆ ಎಳೆಯುತ್ತ ಅಬ್ಬರಿಸಿತು. ಒಳಗಿನ, ಹೊರಗಿನ ಗಾಳಿಯ ಒತ್ತಡದ ಅಂತರ ತೋರಿಸುವ ಮಾಪಕದ ಮುಳ್ಳು ಒಮ್ಮೆ ಮಿಸುಕಾಡಿ ಅಲ್ಲೇ ನಿಂತಿತು.

"ರೀ, ಹಿತ್ತಿಲ ಬಾಗಿಲು ಹಾಕಿದೀರಾ?"

"ಹಾಕಿದೀನಿ."

"ಕಿಟಕಿಗಳು?"

"ಎಲ್ಲಾ ಹಾಕಿದೀನಿ ಕಣೇ. ಎರಡೆರಡು ಸಲ ನೋಡಿದೀನಿ."

ಅವಳು ಹುಬ್ಬು ಗಂಟಿಕ್ಕಿದಳು. ಹೋದ ವಾರ ಇದೇ ಮನೆಯಲ್ಲಿ ಮುಂಚಿತವಾಗಿ ಒಂದು ಪರೀಕ್ಷೆ ನಡೆಸಿದ್ದೆವು. ಆಗ ಅರ್ಧ ವೇಗದಲ್ಲೇ ಮುಳ್ಳು ಗುರುತು ಮುಟ್ಟಿತ್ತು. ಇವತ್ತು ಅಂತಿಮ ಪರೀಕ್ಷೆ, ಫ್ಯಾನು ಪೂರ್ತಿ ವೇಗದಲ್ಲಿದ್ದರೂ ಅರ್ಧ ದಾರಿಯೂ ಇಲ್ಲ. ಹೊರಗಿನ ಗಾಳಿ ಎಲ್ಲಿಂದಲೋ ಧಾರಾಳವಾಗಿ ಒಳಗೆ ಬರುತ್ತಿತ್ತು.

"ಈ ಗೋಡೆಗೆ ಯಾರೋ ತೂತು ಕೊರೆದಿದಾರೆ. ಹೋದ ವಾರದಿಂದ ಈಚೆಗೆ."

ಹಾಲಿನಲ್ಲಿ ನಿಂತಿದ್ದ ಮನೆಯ ಗಂಡ ಹೆಂಡತಿ, ಅಜ್ಜಿ, ಎಲೆಕ್ಟ್ರಿಷಿಯನ್ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಹೊಸದಾಗಿ ಕಟ್ಟುವ ಮನೆ ಕರೆಂಟು ಪೋಲು ಮಾಡಬಾರದು ಎಂದು ಈಗ ಕಾನೂನಿದೆ. ಒಳಗಿನ ಬಿಸಿಯಾಗಲಿ ತಂಪಾಗಲಿ ಸಂದುಗಳಲ್ಲಿ ಸೋರಿ ಹೋಗಬಾರದು. ಗೋಡೆಯೊಳಗೆ ದಪ್ಪ ಹೊದಿಕೆ, ಎರಡು ಪದರ ಗಾಜಿನ ಕಿಟಕಿ, ಬಾಗಿಲಿಗೆ ರಬ್ಬರ್ ಪಟ್ಟಿ. ಇಷ್ಟು ಬಿಗಿಯಾದ ಮನೆಯ ಒಳಗೆ ತಾಜಾ ಗಾಳಿಯನ್ನು ಸೋಸಿ ಬಿಡಲು ಒಂದು ಮಷೀನು. ಇದೆಲ್ಲ ಸರಿಯಿದೆಯೇ ಎಂದು ಫ್ಯಾನು ಹಾಕಿ ನೋಡುವವಳು ನನ್ನ ಹೆಂಡತಿ. ಊರಿನವರು ಅವಳನ್ನು ಫ್ಯಾನಮ್ಮ ಅನ್ನುತ್ತಾರೆ. ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಅವಳ ವ್ಯಾನು ಓಡಿಸುವ, ಫ್ಯಾನು ಹೊರುವ ಹುದ್ದೆಗೆ ಬಡ್ತಿ ಪಡೆದವನು ನಾನು.

ಅವಳು ಒಪ್ಪಿಗೆ ಕೊಡದೆ ಯಾರೂ ಹೊಸ ಮನೆಗೆ ಕಾಲಿಡುವಂತಿಲ್ಲ.

"ಇವತ್ತು ಆಗಲೇಬೇಕು ಮೇಡಂ," ಮನೆಯೊಡತಿ ಮುಂದೆ ಬಂದಳು. ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿಯ ಬಟ್ಟೆಯಲ್ಲೇ ಓಡಿ ಬಂದಿದ್ದಳು. "ಬಾಡಿಗೆ ಮನೆ ಗೋಡೆ ತುಂಬಾ ಬೂಷ್ಟು. ನನ್ನ ಮಗಳಿಗೆ ಉಬ್ಬಸ. ಹೋದ ಚಳಿಗಾಲದಲ್ಲಿ ನಮ್ಮ ವಾರ್ಡಿಗೇ ಎತ್ಕೊಂಡು ಓಡಿದೀನಿ. ಇನ್ನೊಂದು ಚಳಿಗಾಲ ಆ ಮನೇಲಿ ಕಳೆಯೋಕೆ ನನ್ ಕೈಲಿ ಆಗಲ್ಲ."

ಮಹಡಿಯ ಮೇಲಿನಿಂದ ಸಣ್ಣ ಕೆಮ್ಮು ಕೇಳಿಸಿತು. ಆರೇಳು ವರ್ಷದ ಪುಟ್ಟಿ ತನ್ನ ಹೊಸ ಕೋಣೆಯಲ್ಲಿ ಬಣ್ಣ ಹಚ್ಚುತ್ತ ಕೂತಿದ್ದಳು.

"ಫೇಲ್ ಅಂತ ಬರೆದ್ರೆ ನೀವು ಸರದಿಯ ಕೊನೆಗೆ ಹೋಗ್ತೀರಿ. ಚಳಿಗಾಲ ಮುಗಿದ ಮೇಲೇ ನಾನು ಮತ್ತೆ ಬರೋದು," ಎಂದಳು ನನ್ನ ಹೆಂಡತಿ. "ಆದ್ರೆ ಕತ್ತಲಾಗೋದ್ರೊಳಗೆ ಆ ತೂತು ಸಿಕ್ಕಿ, ಸರಿಯಾಗಿ ಮುಚ್ಚಿದ್ರೆ ಇವತ್ತೇ ಇನ್ನೊಂದು ಸಲ ನೋಡ್ತೀನಿ."

ಹುಡುಕಾಟ ಶುರುವಾಯಿತು. ಫ್ಯಾನು ಓಡುತ್ತಲೇ ಇತ್ತು. ಅವಳ ಕೈಯಲ್ಲೊಂದು ಹೊಗೆಕಡ್ಡಿ. ಸಂದಿನಿಂದ ಗಾಳಿ ನುಗ್ಗುತ್ತಿದ್ದರೆ ಹೊಗೆ ಒಳಕ್ಕೆ ಹಾರುತ್ತದೆ. ಕಿಟಕಿಯ ಅಂಚು, ಸ್ವಿಚ್ ಬೋರ್ಡು, ಸಿಂಕಿನ ಕೆಳಗೆ— ಎಲ್ಲೂ ಹೊಗೆ ಅಲುಗಲಿಲ್ಲ.

ಪುಟ್ಟಿಯ ಕೋಣೆಯಲ್ಲಿ ನನಗೆ ಸಿಕ್ಕಿದ್ದು ಒಂದೇ ಕಿರಿಕಿರಿ. ಗೋಡೆಗೆ ಸೇರಿಸಿ ಮಾಡಿದ ಮರದ ಬೀರು; ಅದರ ಬಾಗಿಲು ನಿಲ್ಲುತ್ತಿರಲಿಲ್ಲ. ಮುಚ್ಚಿದೆ, ತೆರೆದುಕೊಂಡಿತು. ಮತ್ತೆ ಮುಚ್ಚಿದೆ, ಮತ್ತೆ ತೆರೆದುಕೊಂಡಿತು.

"ಬಡಗಿ ಕೆಲಸ ನೆಟ್ಟಗಿಲ್ಲ," ಎಂದು ಗೊಣಗಿ, ಅದಕ್ಕೊಂದು ಕುರ್ಚಿ ಒತ್ತಿಟ್ಟು ಬಂದೆ. ನನ್ನ ಬುದ್ಧಿಗೆ ಇಷ್ಟು ಹೊತ್ತಿಗೆ ನೀವೇ ಒಂದು ಹೆಸರು ಇಟ್ಟಿರುತ್ತೀರಿ.

ಕೆಳಗೆ ಮನೆಯ ಯಜಮಾನ ನನ್ನ ಪಕ್ಕಕ್ಕೆ ಬಂದು ನಿಂತ. ಊರ ಹೊರಗೆ ಕೋಳಿ ಫಾರಂ ನಡೆಸುವವನು. ಅಗಲ ಭುಜ, ಮೆಲು ಮಾತು.

"ಈಗ ಕರೆಂಟ್ ಹೋದ್ರೆ ಏನ್ಮಾಡ್ತೀರಾ ಸಾರ್?"

"ಊಟಕ್ಕೆ ಮನೆಗೆ ಹೋಗ್ತೀವಿ," ಎಂದೆ. ಅವನು ನಗಲಿಲ್ಲ.

ಆಗಲೇ ನನ್ನ ಹೆಂಡತಿ ಫ್ಯಾನು ನಿಲ್ಲಿಸಿದಳು. ಅಷ್ಟು ಹೊತ್ತಿನ ಅಬ್ಬರ ತಟ್ಟನೆ ಅಡಗಿ ಮನೆಯಿಡೀ ಸ್ತಬ್ಧವಾಯಿತು. ಅಬ್ಬಾ ಎಂದು ನಾವೆಲ್ಲ ಉಸಿರು ಬಿಟ್ಟೆವು. ಯಜಮಾನನ ಕೈಯಲ್ಲಿದ್ದ ಟೀ ಲೋಟ ಮಾತ್ರ ನೆಲಕ್ಕೆ ಬಿತ್ತು. ಅವನು ಎರಡೆರಡು ಮೆಟ್ಟಿಲು ಹಾರುತ್ತ ಮಹಡಿಗೆ ಓಡಿದ. ಪಾಪ, ಅವಸರವಾಗಿ ಬಚ್ಚಲಿಗೆ ಹೋಗಬೇಕಾಗಿತ್ತೇನೋ ಅಂದುಕೊಂಡೆ.

ಅವನು ಕೆಳಗಿಳಿದು ಬಂದ ಮೇಲೆ ವಿಚಾರಣೆ ಅಡುಗೆಮನೆಯಲ್ಲಿ ನಡೆಯಿತು. ಮೊದಲು ಎಲೆಕ್ಟ್ರಿಷಿಯನ್.

"ಹೋದ ವಾರದಿಂದ ಈಚೆಗೆ ಇಲ್ಲಿ ಡ್ರಿಲ್ ಹಿಡಿದೋರು ಯಾರು?"

"ನಾನೇ ಮೇಡಂ. ಹಾಲಲ್ಲಿ ದೀಪ ಹಾಕಿದೆ. ಆದ್ರೆ ಹೊರಗಿನ ಗೋಡೆ ಮುಟ್ಟಿಲ್ಲ, ತಾಯಾಣೆ!"

"ಸುಳ್ಳು," ನರ್ಸು ಸಿಡಿದಳು. "ಕೆಲಸ ತಡ ಆಯ್ತು ಅಂತ ನಾನು ಬೈದಿದ್ದಕ್ಕೆ ಇವನಿಗೆ ನನ್ನ ಮೇಲೆ ಹಗೆ. ಹೋಗುವಾಗ ಏನಂದೆ? ಈ ಮನೇಲಿ ನೀವು ಹೇಗಿರ್ತೀರೋ ನೋಡ್ತೀನಿ ಅನ್ಲಿಲ್ವಾ?"

"ಬಾಯಿಗೆ ಬಂದಿದ್ದು ಅಂದೆ. ಅಷ್ಟಕ್ಕೆ ಗೋಡೆ ಕೊರೀತೀನಾ? ನನ್ನ ಡ್ರಿಲ್ಲನ್ನ ಎರಡು ದಿನ ಇಲ್ಲೇ ಬಿಟ್ಟು ಹೋಗಿದ್ದೆ. ಯಾರು ಬೇಕಾದ್ರೂ ತಗೊಂಡಿರಬಹುದು."

"ಇಲ್ಲಿಗೆ ಯಾರ್ಯಾರು ಬರ್ತಿದ್ರು?"

ನರ್ಸು ತಡೆದು ತಡೆದು ಹೇಳಿದಳು. "ನಾನು. ನಮ್ಮ ಯಜಮಾನ್ರು. ಮತ್ತೆ... ಅತ್ತೆ."

ಎಲ್ಲರ ಕಣ್ಣೂ ಮೂಲೆಯಲ್ಲಿ ಕೂತಿದ್ದ ಅಜ್ಜಿಯತ್ತ ತಿರುಗಿದವು. ಅಜ್ಜಿ ಸೆರಗು ಸರಿಪಡಿಸಿಕೊಂಡು ನೆಟ್ಟಗೆ ಕೂತರು.

"ನೀವು ಈ ಮನೇನ ಮುಚ್ಚಳ ಹಾಕಿದ ಡಬ್ಬಿ ಅಂತಿದ್ರಂತೆ?" ನನ್ನ ಹೆಂಡತಿ ಕೇಳಿದಳು.

"ಅಂದೆ. ಈಗಲೂ ಅಂತೀನಿ. ಗಾಳಿಗೂ ಮಷೀನು! ನಾವು ಬದುಕಲಿಲ್ವೇ?"

"ಅತ್ತೆ, ನೀವೇನಾದ್ರೂ ಮಾಡ್ಸಿದ್ರೆ ಈಗಲೇ ಹೇಳ್ಬಿಡಿ," ಎಂದಳು ನರ್ಸು, ಕಿಟಕಿಯತ್ತ ಕೈ ತೋರಿಸಿ. "ಕತ್ತಲಾಗ್ತಾ ಬಂತು. ನಿಮ್ಮ ಮೊಮ್ಮಗಳ ಉಸಿರಿನ ವಿಷಯ ಇದು!"

ಅಜ್ಜಿ ಮಗನ ಮುಖವನ್ನೇ ದಿಟ್ಟಿಸಿದರು. ಮಗ ನೆಲ ನೋಡುತ್ತಿದ್ದ.

ನನ್ನ ಹೆಂಡತಿ ನನ್ನತ್ತ ತಿರುಗಿದಳು. "ರೀ, ಮೇಲೆ ಪುಟ್ಟಿ ಕೋಣೇಲಿ ಬೀರುಗೆ ಕುರ್ಚಿ ಯಾಕೆ ಒತ್ತಿಟ್ಟಿದೀರಿ?"

"ಬಾಗಿಲು ನಿಲ್ತಿರ್ಲಿಲ್ಲ. ತಾನಾಗಿ ತೆರ್ಕೊಳ್ತಿತ್ತು."

"ಫ್ಯಾನು ಓಡ್ತಿದ್ದಾಗ?"

"ಹೌದು."

ಅವಳು ನನ್ನನ್ನು ನೋಡಿದ ನೋಟವನ್ನು ಮೂವತ್ತು ವರ್ಷದಿಂದ ಬಲ್ಲೆ. ಕೂಡಲೇ ಫ್ಯಾನು ಹಾಕಿಸಿ, ಎಲ್ಲರನ್ನೂ ಕರೆದುಕೊಂಡು ಮಹಡಿ ಹತ್ತಿದಳು. ಕುರ್ಚಿ ಸರಿಸಿದ ತಕ್ಷಣ ಬೀರುವಿನ ಬಾಗಿಲು ತೆರೆದುಕೊಂಡಿತು. ಕೆಳಗಿನ ಅರೆಯಲ್ಲಿದ್ದ ಹಲಗೆ ತೆಗೆದಳು. ಅದರ ಹಿಂದೆ, ನೆಲದಿಂದ ಗೇಣೆತ್ತರದಲ್ಲಿ, ಅಂಗೈ ಅಗಲದ ಗುಂಡನೆಯ ತೂತು. ಹೊಗೆಕಡ್ಡಿಯ ಹೊಗೆ ಅವಳ ಮುಖಕ್ಕೇ ರಾಚಿತು.

"ಅಯ್ಯೋ ದೇವರೇ," ಎಂದಳು ನರ್ಸು. "ನನ್ನ ಮಗಳ ಕೋಣೇಲೇನಾ?"

"ನಾನೇ ಮಾಡ್ಸಿದ್ದು!"

ಅಜ್ಜಿ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಿದ್ದರು. "ಯಾರನ್ನೂ ಕೇಳ್ಬೇಡಿ. ದಾರೀಲಿ ಹೋಗೋ ಒಬ್ಬ ಕೆಲಸಗಾರನ್ನ ಕರೆದು ಕೊರ್ಸಿದೆ. ಮಗೂಗೆ ಗಾಳಿ ಬರ್ಲಿ ಅಂತ. ತಪ್ಪು ನಂದೇ."

ನರ್ಸು ಗೋಡೆಗೊರಗಿ ಅಳತೊಡಗಿದಳು. ಎಲೆಕ್ಟ್ರಿಷಿಯನ್ ಗೆದ್ದವನಂತೆ ಎದೆ ಸೆಟೆಸಿದ. ಮುಗಿಯಿತು ಅಂದುಕೊಂಡೆ ನಾನು. ನನ್ನ ಹೆಂಡತಿ ಮಾತ್ರ ತೂತಿನೊಳಗೆ ಬೆರಳಾಡಿಸುತ್ತಲೇ ಇದ್ದಳು.

"ಅಜ್ಜಿ, ಇನ್ನೊಂದು ತೂತು ಎಲ್ಲಿದೆ?"

"ಇನ್ನೊಂದಾ?"

"ಹ್ಞೂಂ, ಇನ್ನೊಂದು."

ಅಜ್ಜಿ ತಬ್ಬಿಬ್ಬಾದರು. ಕಣ್ಣು ಸೂರಿನತ್ತ, ಕಿಟಕಿಯತ್ತ ಅಲೆಯಿತು. ನನ್ನ ಹೆಂಡತಿ ಸ್ಟೂಲು ಹತ್ತಿ, ಎದುರು ಗೋಡೆಯ ಮೇಲ್ತುದಿಯಲ್ಲಿ ಕಿಟಕಿ ಪರದೆಯ ಕಂಬಿ ಮುಚ್ಚುವ ಮರದ ಪೆಟ್ಟಿಗೆಯ ಹಿಂದೆ ಹೊಗೆಕಡ್ಡಿ ಹಿಡಿದಳು. ಹೊಗೆ ಅಲ್ಲಿಂದಲೂ ಒಳಕ್ಕೆ ನುಗ್ಗಿತು.

"ಕೊರ್ಸಿದೋರಿಗೆ ಗೊತ್ತಿರ್ಬೇಕಿತ್ತು, ಅಲ್ವೇ?" ಎಂದಳು ಮೆಲ್ಲಗೆ. ನನಗೆ ಕೈಸನ್ನೆ ಮಾಡಿದಳು. ಕೆಳಗೆ ಹೋಗಿ ಫ್ಯಾನು ನಿಲ್ಲಿಸಿ ಬಂದೆ.

"ಬೀರುವಿನ ಹಿಂದಿನ ತೂತು ಹೊರಕ್ಕೆ ಇಳಿಜಾರಾಗಿದೆ, ಮಳೆನೀರು ಒಳಗೆ ಬರ್ಬಾರ್ದು ಅಂತ. ಒಳಗೆ ಸಣ್ಣ ಕಣ್ಣಿನ ಜಾಲರಿ, ಹುಳ ಬರ್ಬಾರ್ದು ಅಂತ. ಅಂಚಿಗೆಲ್ಲ ಉಪ್ಪುಕಾಗದ ಉಜ್ಜಿದಾರೆ, ಮಗುವಿನ ಬೆರಳು ತರಚಬಾರ್ದು ಅಂತ. ಹಗೆ ಇಟ್ಕೊಂಡವನು ಇಷ್ಟು ಅಕ್ಕರೆಯಿಂದ ಕೊರೀತಾನಾ? ದಾರೀಲಿ ಹೋಗೋನು ಕೊರೀತಾನಾ?"

ಅವಳು ಒಮ್ಮೆ ಬೀರುವಿನತ್ತ, ಒಮ್ಮೆ ಪರದೆಯತ್ತ ಬೆರಳು ತೋರಿಸಿದಳು.

"ಒಂದು ತೂತು ತಳದಲ್ಲಿ, ಇನ್ನೊಂದು ಎದುರು ಗೋಡೆಯ ತುದೀಲಿ. ತಂಪು ಗಾಳಿ ಕೆಳಗಿಂದ ಬರುತ್ತೆ, ಬಿಸಿ ಗಾಳಿ ಮೇಲಿಂದ ಹೋಗುತ್ತೆ. ಇದಕ್ಕೆ ಮಷೀನು ಬೇಡ, ಕರೆಂಟು ಬೇಡ. ಕೋಳಿ ಶೆಡ್ಡಿಗೆ ಹೀಗೇ ಇಡ್ತಾರೆ. ಜಾಲರಿನೂ ಅಲ್ಲಿಂದಲೇ ಬಂದಿದ್ದು."

ನರ್ಸು ನಿಧಾನವಾಗಿ ಗಂಡನತ್ತ ತಿರುಗಿದಳು.

"ಇಷ್ಟೂ ಸಾಲದು ಅಂದ್ರೆ ಇನ್ನೊಂದಿದೆ. ಅದು ನಮ್ಮೆಲ್ಲರ ಕಣ್ಣೆದುರೇ ನಡೀತು, ಯಾರೂ ಗಮನಿಸಲಿಲ್ಲ. ಫ್ಯಾನು ನಿಂತ ಕ್ಷಣ ನಾವೆಲ್ಲ ಉಸಿರು ಬಿಟ್ವಿ. ಒಬ್ಬರು ಮಾತ್ರ ಲೋಟ ಬೀಳಿಸಿ ಮಗೂ ಹತ್ರ ಓಡಿದ್ರು. ಈಗಷ್ಟೇ ಮತ್ತೆ ನಿಂತಾಗ ಮಗೂನ ಎತ್ಕೊಂಡ್ರು, ನೋಡಿ. ಫ್ಯಾನಿನ ಸದ್ದು ನಿಂತ್ರೆ ಅವರ ಜೀವ ಬಾಯಿಗೆ ಬರುತ್ತೆ. ಯಾಕೆ ಸಾರ್?"

ನಿಜ. ಪುಟ್ಟಿ ಅವನ ತೋಳಿನಲ್ಲಿದ್ದಳು. ಎತ್ತಿಕೊಂಡದ್ದು ಅವನಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ.

"ಹೋದ ಬೇಸಿಗೆಲಿ," ಎಂದ ಅವನು. ಮಗಳನ್ನು ಇನ್ನಷ್ಟು ಅವುಚಿಕೊಂಡ. "ಹೊಸ ಶೆಡ್ಡು. ನಾಲ್ಕೂ ಕಡೆ ಮುಚ್ಚಿದ್ದು, ಫ್ಯಾನಿನ ಮೇಲೇ ನಡೆಯೋದು. ಮಧ್ಯಾಹ್ನ ಕರೆಂಟು ಹೋಯ್ತು. ನಾನು ಬಂದು ಬಾಗಿಲು ತೆಗೆದೆ... ಒಂದು ಮರಿನೂ ಚಿಂವ್ ಅನ್ಲಿಲ್ಲ. ಅಷ್ಟು ದೊಡ್ಡ ಶೆಡ್ಡು, ಒಂದು ಸದ್ದಿಲ್ಲ."

"ಕಾಯಿಲೆ ಬಂದು ಸತ್ವು ಅಂದ್ರಿ ನನಗೆ," ಎಂದಳು ನರ್ಸು.

"ಏನಂತ ಹೇಳ್ಲಿ? ನೀನು ಈ ಮನೇನ ಆಸೆಪಟ್ಟು ಕಟ್ಟಿಸ್ತಿದ್ದೆ. ಮಷೀನು ನಿಂತ್ರೆ ಅಂತ ನಾನು ಬಾಯಿಬಿಟ್ಟಾಗಲೆಲ್ಲ, ನಿಮಗೇನೂ ಗೊತ್ತಾಗಲ್ಲ ಸುಮ್ನಿರಿ ಅಂತಿದ್ದೆ ನೀನು. ಹೋದ ವಾರ ಪಾಸಾಯ್ತಲ್ಲ, ಪರೀಕ್ಷೆ ಮುಗೀತು ಅಂದ್ಕೊಂಡೆ. ಇವತ್ತು ಬರೀ ಸಹಿ ಹಾಕೋಕೆ ಬರ್ತಾರೆ ಅಂತಿದ್ದೆ. ಆ ಫ್ಯಾನು ನೋಡಿದ ಮೇಲೆ ಹೇಳೋಕೆ ಬಾಯೇ ಬರ್ಲಿಲ್ಲ."

"ಅತ್ತೆ ಮೇಲೆ ತಪ್ಪು ಬಂದಾಗಲೂ?" ನರ್ಸು ಕೇಳಿದಳು.

ಅವನು ತಾಯಿಯತ್ತ ನೋಡಲಾರದೆ ಮಗಳ ತಲೆಗೂದಲಲ್ಲಿ ಮುಖ ಮುಚ್ಚಿಕೊಂಡ. ಅಜ್ಜಿ ಹತ್ತಿರ ಬಂದು ಅವನ ಬೆನ್ನು ಸವರಿದರು. "ಆ ಮರಿಗಳು ಹೋದಾಗಿಂದ ಇವನು ನೆಟ್ಟಗೆ ನಿದ್ದೆ ಮಾಡಿಲ್ಲ ಕಣಮ್ಮ," ಎಂದರು ಸೊಸೆಗೆ. "ತೂತು ಇವನ ಕೆಲಸ ಅಂತ ಮುಖ ನೋಡಿದ ಕೂಡ್ಲೇ ನನಗೆ ಗೊತ್ತಾಯ್ತು."

"ನೋಡಿ ಸಾರ್," ನನ್ನ ಹೆಂಡತಿ ಮಂಚದ ಅಂಚಿಗೆ ಕೂತಳು. "ಶೆಡ್ಡಿನಲ್ಲಿ ಕಾಲಿಡೋಕೆ ಜಾಗ ಇಲ್ಲದಷ್ಟು ಮರಿಗಳಿದ್ವು. ಅವುಗಳ ಮೈಕಾವಿಗೇ ಅವು ಹೋದ್ವು. ಇಲ್ಲಿರೋದು ಒಂದು ಮಗು. ರಾತ್ರಿಯಿಡೀ ಮಷೀನು ನಿಂತ್ರೂ ಗಾಳಿ ಸ್ವಲ್ಪ ಮಂಕಾಗುತ್ತೆ, ಉಸಿರು ಕಟ್ಟಲ್ಲ. ಮಷೀನು ನಿಂತ್ರೆ ಕೂಗೋ ಹಾಗೆ ಬ್ಯಾಟರಿ ಗಂಟೆ ಇವನು ಹಾಕ್ಕೊಡ್ತಾನೆ." ಎಲೆಕ್ಟ್ರಿಷಿಯನ್ ತಲೆಯಾಡಿಸಿದ. "ಈ ತೂತಲ್ಲಿ ಬರೋದು ಸೋಸದ ಗಾಳಿ. ಧೂಳು, ಶೀತ, ಎಲ್ಲಾ ನೇರ ನಿಮ್ಮ ಮಗಳ ಎದೆಗೇ. ಇನ್ನೊಂದು ಮಾತು. ನಾವು ಬಿಗಿ ಮಾಡ್ಸೋದು ಗೋಡೇನ. ಕಿಟಕಿ ತೆಗೀಬೇಡಿ ಅಂತ ಯಾವ ಕಾನೂನೂ ಹೇಳಲ್ಲ."

ಅವಳು ಪುಟ್ಟಿಯನ್ನು ಕಿಟಕಿಯ ಬಳಿ ಕರೆದು ಕಿವಿಯಲ್ಲಿ ಏನೋ ಹೇಳಿದಳು. ಆ ಕಿಟಕಿಯನ್ನು ತೆರೆದರೆ ಮೇಲಂಚು ಮಾತ್ರ ಒಳಕ್ಕೆ ವಾಲುತ್ತಿತ್ತು. ಮಕ್ಕಳು ಬೀಳುವ ಭಯವಿಲ್ಲ. ಅದನ್ನು ತಿರುಗಿಸುವ ಹಿಡಿ ಪುಟ್ಟಿಯ ಕೈಗೆ ಸರಿಯಾಗಿ ಎಟುಕುತ್ತಿತ್ತು.

ತೂತುಗಳನ್ನು ಯಜಮಾನನೇ ಮುಚ್ಚಿದ. ಕೊರೆದು ತೆಗೆದ ಗೋಡೆಯ ತುಂಡುಗಳನ್ನು ಅವನು ಬಿಸಾಡಿರಲಿಲ್ಲ, ಬಟ್ಟೆಯಲ್ಲಿ ಸುತ್ತಿ ತನ್ನ ಕೋಳಿ ಸಾಗಿಸುವ ವ್ಯಾನಿನಲ್ಲೇ ಇಟ್ಟಿದ್ದ. ಹೊದಿಕೆ ತುಂಬಿ, ತುಂಡು ಕೂರಿಸಿ, ಎಲೆಕ್ಟ್ರಿಷಿಯನ್ ತಂದ, ಒಣಗಿ ಗಟ್ಟಿಯಾಗುವ ನೊರೆ ಹಾಕಿ ಸಂದು ಬಿಗಿದ. ನರ್ಸು ದೀಪ ಹಿಡಿದು ಪಕ್ಕದಲ್ಲೇ ಕೂತಿದ್ದಳು. ಅವಳು ದೀಪವನ್ನು ಅವನಿಗೆ ಬೇಕಾದ ಕಡೆಗೇ ತಿರುಗಿಸುತ್ತಿದ್ದಳು.

ಹೊರಗೆ ಬೀದಿದೀಪ ಹತ್ತುವ ಹೊತ್ತು. ಮತ್ತೆ ಫ್ಯಾನು ಅಬ್ಬರಿಸಿತು. ಮುಳ್ಳು ಮಿಸುಕಾಡಿತು. ಏರಿತು. ನಿಂತಿತು. ಮತ್ತೆ ಏರಿ, ಗುರುತು ಮುಟ್ಟಿತು.

"ಪಾಸ್," ಎಂದು ನನ್ನ ಹೆಂಡತಿ ಫ್ಯಾನು ನಿಲ್ಲಿಸಿದಳು.

ನಿಶ್ಶಬ್ದ. ಯಜಮಾನನ ಕಾಲು ಆಗಲೇ ಮೊದಲ ಮೆಟ್ಟಿಲ ಮೇಲಿತ್ತು. ಮುಖ ಬಿಳಿಚಿತ್ತು. ನನ್ನ ಹೆಂಡತಿ ಕೈ ಎತ್ತಿ ತಡೆದಳು. "ಒಂದು ನಿಮಿಷ. ಕೇಳಿ."

ಮಹಡಿಯ ಮೇಲೆ ಟಕ್ ಎಂದು ಹಿಡಿ ತಿರುಗಿದ ಸದ್ದು. ಸಂಜೆಯ ತಣ್ಣನೆ ಗಾಳಿ ಮೆಟ್ಟಿಲಿಳಿದು ನಮ್ಮ ಮುಖಕ್ಕೆ ತಾಕಿತು.

"ಅಪ್ಪಾ! ಫ್ಯಾನು ನಿಂತೋಯ್ತಲ್ಲ, ಕಿಟಕಿ ನಾನೇ ತೆಗ್ದೆ!"

ಅವನು ಅದೇ ಮೆಟ್ಟಿಲ ಮೇಲೆ ಕುಸಿದು ಕೂತ.

"ಆ ಮರಿಗಳಿಗೆ ಕೈ ಇರ್ಲಿಲ್ಲ," ಎಂದ, ಯಾರಿಗೆಂದಿಲ್ಲದೆ. ಆಮೇಲೆ ಜೋರಾಗಿ ಅತ್ತ. ನರ್ಸು ಬಂದು ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡಳು.