ಬೊಗ್ಗನ ಬಾಯಿಪಾಠ

“ಈ ನಾಯಿ ಹೀಂಗೇ ಮಾಡ್ರೆ ಆತಿಲ್ಲೆ, ದೀಕ್ಷಾ. ಬದಿ ಟೆಂಟಿನವ್ರ್ ಎಂತ ಅಂಬ್ರ್? ಕಾರಂಗ್ ಕೂರ್ಸ್ಕಂಡ್ ಹೋಯಿ ಮನಿಗ್ ಬಿಟ್ಟ್ ಬತ್ತೆ,” ಎಂದು ಸುಧಾಕರ ಮಾವ ಕೀ ಕೈಗೆತ್ತಿಕೊಂಡರು.

ಬೊಗ್ಗ ಟೆಂಟಿಗೆ ಸುತ್ತು ಹಾಕುತ್ತಲೇ ಇತ್ತು. ಗಾಳಿಮರ ಸುಯ್ಯೆಂದರೆ ಬೊಗಳು, ಅಲೆ ಬಂದರೆ ಬೊಗಳು. ಬಿಸ್ಕೆಟ್ ಕೊಟ್ಟಾಯಿತು, ಬೆನ್ನು ಸವರಿಯೂ ಆಯಿತು. ಪ್ಲೇಟಿಗೆ ಹಾಕಿದ ಮೀನು-ಅನ್ನವನ್ನು ಅದು ಮೂಸಿಯೂ ನೋಡಿರಲಿಲ್ಲ. ಮೀನೆಂದರೆ ಪ್ರಾಣ ಬಿಡುವ ನಾಯಿ!

ದೀಕ್ಷಾಳಿಗೆ ಅಳು ಬರುವಂತಾಯಿತು. ಬೈಂದೂರಿನ ಕಡಲ ತೀರದಲ್ಲಿ ಎರಡು ದಿನ ಕ್ಯಾಂಪಿಂಗ್ ಎಂದಾಗ, ಬೊಗ್ಗನೂ ಬರಬೇಕೆಂದು ಹಟ ಹಿಡಿದವಳು ಅವಳೇ. ಈಗ ಮನೆಗೆ ಬೀಗ ಹಾಕಿದೆ. ಕಳೆದ ರಜೆಯಲ್ಲಿ ಎಲ್ಲರೂ ಮೈಸೂರಿಗೆ ಹೋದಾಗ ಪಕ್ಕದ ಮನೆಯ ಸುಗಂಧಿಯಕ್ಕ ಅನ್ನ ಹಾಕಿದ್ದರು. ಬೊಗ್ಗ ಅದನ್ನು ಮುಟ್ಟದೆ ಎರಡು ದಿನ ಗೇಟಿನ ಬಳಿಯೇ ಕೂತಿತ್ತಂತೆ.

ಕತ್ತಲಾಗುತ್ತಾ ಬಂತು. ಅಮ್ಮ ಲ್ಯಾಂಪ್ ಹೊತ್ತಿಸಿ ಮರದ ಕೊಂಬೆಗೆ ತೂಗುಹಾಕಿದರು. ಬೊಗ್ಗ ಥಟ್ಟನೆ ನಿಂತು ದೀಕ್ಷಾಳ ಮುಖವನ್ನೇ ನೋಡಿತು.

ದೀಕ್ಷಾಳಿಗೆ ಏನೋ ಹೊಳೆಯಿತು.

ಮನೆಯಲ್ಲಿ ದೇವರ ದೀಪ ಹಚ್ಚಿದ ಕೂಡಲೇ ಅವಳು ಜಗಲಿಯಲ್ಲಿ ಕೂತು ಬಾಯಿಪಾಠ ಹೇಳಬೇಕು. ಮೊದಲು ವಾರ, ಆಮೇಲೆ ತಿಂಗಳು, ಕೊನೆಗೆ ಇಪ್ಪತ್ತೇಳು ನಕ್ಷತ್ರ. ಬೊಗ್ಗ ದೊಡ್ಡ ಪಂಡಿತನಂತೆ ಮೆಟ್ಟಿಲ ಮೇಲೆ ಕೂತು ಕೇಳುತ್ತದೆ. ಕೊನೆಯ ‘ರೇವತಿ’ ಹೇಳಿದ ಮೇಲೆಯೇ ಅದಕ್ಕೆ ಊಟ, ಆಮೇಲೆ ನಿದ್ದೆ. ಕ್ಯಾಂಪಿಂಗ್ ಇದೆ, ಇವತ್ತು ಬಾಯಿಪಾಠಕ್ಕೆ ರಜೆ ಎಂದು ದೀಕ್ಷಾ ಬೆಳಿಗ್ಗೆಯೇ ಕುಣಿದಿದ್ದಳು.

ಆದರೆ ಇಲ್ಲಿ ಹೇಳುವುದು ಹೇಗೆ? ಪಕ್ಕದ ಟೆಂಟಿನ ಹುಡುಗರು ಮೊಬೈಲಿನಲ್ಲಿ ಗೇಮ್ ಆಡುತ್ತಿದ್ದರು. ಕೇಳಿದರೆ ನಗದೇ ಇರುತ್ತಾರೆಯೇ?

ಮಾವ ಕಾರಿನ ಬಾಗಿಲು ತೆರೆದರು.

“ಒಂಚೂರ್ ನಿಲ್ಲಿ, ಮಾವ,” ಎಂದು ದೀಕ್ಷಾ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ವಾರ, ತಿಂಗಳು ಬಿಟ್ಟು ನೇರ ನಕ್ಷತ್ರಕ್ಕೇ ಬಂದಳು. “ಅಶ್ವಿನಿ, ಭರಣಿ, ಕೃತ್ತಿಕೆ...”

ಮೊದಲು ಅವಳ ದನಿ ಅವಳಿಗೇ ಕೇಳುತ್ತಿರಲಿಲ್ಲ. ಬೊಗ್ಗ ಕಿವಿ ನಿಮಿರಿಸಿತು. ಮಖೆ ಬರುವಷ್ಟರಲ್ಲಿ ಅವಳ ಎದುರು ಬಂದು ಕೂತಿತು. ಪಕ್ಕದ ಹುಡುಗರು ಕಿಸಕ್ಕನೆ ನಕ್ಕರು. ದೀಕ್ಷಾಳ ಮುಖ ಬಿಸಿಯಾಯಿತು, ಆದರೂ ಅವಳು ನಿಲ್ಲಿಸಲಿಲ್ಲ. ಇನ್ನಷ್ಟು ಜೋರಾಗಿಯೇ ಹೇಳಿದಳು. “...ಉತ್ತರಾಭಾದ್ರೆ, ರೇವತಿ.”

ಬೊಗ್ಗ ಎದ್ದು ಪ್ಲೇಟಿನ ಬಳಿ ಹೋಗಿ ಮೀನು-ಅನ್ನವನ್ನೆಲ್ಲ ತಿಂದು ಮುಗಿಸಿತು. ತಿರುಗಿ ಬಂದು ಚಾಪೆಯ ಮೇಲೆ ಮೂರು ಸುತ್ತು ಸುತ್ತಿ, ದೀಕ್ಷಾಳ ಕಾಲ ಮೇಲೆ ಗದ್ದವಿಟ್ಟು ಮಲಗಿತು. ಮಾವ ಕೀಯನ್ನು ಕಿಸೆಗೆ ಹಾಕಿಕೊಂಡರು.

“ಎಂತ ಮಂತ್ರ ಹಾಕ್ದೆ ಮಾರಾಯ್ತಿ?” ಎಂದು ಕೇಳಿದರು.

“ಮಂತ್ರ ಅಲ್ಲ ಮಾವ. ರಜೆ ಅಂದೇಳಿ ಅದ್ಕೆ ಯಾರೂ ಹೇಳ್ಲಿಲ್ಲೆ.”

ಕಳೆದ ರಜೆಯಲ್ಲಿ ಸುಗಂಧಿಯಕ್ಕ ದಿನವೂ ತಪ್ಪದೆ ಅನ್ನ ಹಾಕಿದ್ದರು. ಆದರೆ ಗೇಟಿನ ಬಳಿ ಕೂತಿದ್ದ ಬೊಗ್ಗನಿಗೆ ಆ ಎರಡು ದಿನವೂ ಯಾರೂ ‘ರೇವತಿ’ ಎಂದಿರಲಿಲ್ಲ. ದೀಕ್ಷಾ ಮೆಲ್ಲಗೆ ಅದರ ತಲೆ ಸವರಿದಳು. ಕಾಲು ಜೋಮು ಹಿಡಿಯತೊಡಗಿತು. ಅವಳು ಕದಲಲಿಲ್ಲ.